ನಿಮ್ಮ ಲಾಟಿಗೆ ಎಷ್ಟು ಜನ ಬಿಡ್ ಹಾಕಿದ್ರು?

ಶಿಡ್ಲಘಟ್ಟದಲ್ಲಿ ಗೂಡು ಮಾರಿ ಬಂದವರನ್ನ ನಾವು ಕೇಳೋದು ಒಂದೇ ಮಾತು, ಎಷ್ಟಕ್ಕೆ ಹೋಯ್ತು ಅಂತ. ಎಷ್ಟು ಜನ ರೀಲರ್ ಬಿಡ್ ಹಾಕಿದ್ರು ಅಂತ ಯಾರೂ ಕೇಳಲ್ಲ. ಕೇಳಬೇಕು ಅಂತ ನನ್ನ ಅಭಿಪ್ರಾಯ.

ಗೂಡನ್ನ ರಾಗಿ ತರ ಮನೇಲಿ ಇಟ್ಕೊಂಡು ಕಾಯೋಕಾಗಲ್ಲ. ದಿನದಿನಕ್ಕೂ ತೂಕ ಇಳಿಯುತ್ತೆ. ಕಟ್ಟಿ 10-12 ದಿನ ಆದ್ರೆ ಚಿಟ್ಟೆ ತೂತು ಮಾಡ್ಕೊಂಡು ಹೊರಗೆ ಬರುತ್ತೆ, ಆಮೇಲೆ ನೂಲು ಬಿಚ್ಚೋಕೆ ಬರಲ್ಲ. ಬೆಲೆ ಒಪ್ಪಿಗೆ ಇಲ್ಲ ಅನ್ನೋ ಹಕ್ಕೇನೋ ನಮಗಿದೆ. ಆದರೆ ಗೌರಿಬಿದನೂರಿಂದ ಬಾಡಿಗೆ ಗಾಡೀಲಿ ತಂದ ಗೂಡನ್ನ ವಾಪಸ್ ಹೇರ್ಕೊಂಡು ಹೋಗೋರು ಯಾರು? ಕೊಳ್ಳೋರಿಗೂ ಇದು ಗೊತ್ತು. ಅವರವರಲ್ಲೇ ಪೈಪೋಟಿ ಬಿದ್ರೆ ಮಾತ್ರ ಹರಾಜಿಂದ ನಮಗೆ ಲಾಭ.

ಗೂಡನ್ನ ಸರ್ಕಾರಿ ಮಾರುಕಟ್ಟೆಗೆ ತಂದಿದ್ದು 1959ರ ರಾಜ್ಯದ ಕಾಯ್ದೆ. ಈಗ ಮೊಬೈಲಲ್ಲಿ ಇ-ಹರಾಜು. ಒಳ್ಳೇದೇ, ಆದರೆ ಒಳಒಪ್ಪಂದ ಮಾಡ್ಕೊಳ್ಳೋರಿಗೂ ಅದೇ ಮೊಬೈಲ್ ಇದೆಯಲ್ಲ!

1991ರಲ್ಲಿ ಆರ್ಥಿಕತೆ ಮುಕ್ತ ಆದ ಮೇಲೆ, 1969ರ ಏಕಸ್ವಾಮ್ಯ ಕಾಯ್ದೆ ಸಾಲದು ಅಂತ 2002ರಲ್ಲಿ ಸ್ಪರ್ಧಾ ಕಾಯ್ದೆ ಮಾಡಿದ್ರು. ಬಿಡ್ ಹಾಕೋರು ಮೊದಲೇ ಮಾತಾಡ್ಕೊಳ್ಳೋದು ಅದರ 3ನೇ ಸೆಕ್ಷನ್ ಪ್ರಕಾರ ತಪ್ಪು. ಯಾರು ಬೇಕಾದ್ರೂ ದೆಹಲಿಯ ಸ್ಪರ್ಧಾ ಆಯೋಗಕ್ಕೆ ದೂರು ಕೊಡಬಹುದು. 2021ರಲ್ಲಿ ಈ ಆಯೋಗ ಬಿಯರ್ ಕಂಪನಿಗಳಿಗೆ 800 ಕೋಟಿಗೂ ಮೇಲೆ ದಂಡ ಹಾಕ್ತು. ಅಲ್ಲಿ ಇ-ಮೇಲ್ ಸಿಕ್ಕಿತ್ತು, ಜೊತೆಗೆ ಒಳಗಿದ್ದ ಕಂಪನಿಯೇ ಬಾಯಿಬಿಟ್ಟಿತ್ತು. ನಾವು ದೂರು ಕೊಟ್ರೆ ಏನು ತೋರಿಸ್ತೀವಿ? 'ರೇಟು ಬಿತ್ತು ಸಾರ್' ಅಂದ್ರೆ ಸಾಕ್ಷಿ ಆಗಲ್ಲ.

ಹಾಗಂತ ರೀಲರ್‌ಗಳೆಲ್ಲ ಕಳ್ಳರು ಅನ್ನೋದನ್ನ ನಾನು ಒಪ್ಪಲ್ಲ. ಅವರಲ್ಲೂ ಮನೆಮಂದಿಯೆಲ್ಲ ಬಿಸಿನೀರಲ್ಲಿ ಕೈ ಬೇಯಿಸ್ಕೊಂಡು ನೂಲು ತೆಗೆಯೋ ಸಣ್ಣೋರಿದ್ದಾರೆ. ಚೀನಾ ರೇಷ್ಮೆ ಅಗ್ಗವಾಗಿ ಬಂದು ನೂಲಿನ ಬೆಲೆ ಬಿದ್ರೆ ಗೂಡಿಂದೂ ಬೀಳುತ್ತೆ, ಅದರಲ್ಲಿ ಮೋಸ ಇಲ್ಲ. ಆದರೆ ನೂಲಿನ ಬೆಲೆ ಇದ್ದಂಗೇ ಇದ್ದು, ಗೂಡು ಮಾತ್ರ ಬಿದ್ದು, ಬಿಡ್ ಹಾಕೋರೂ ಕಮ್ಮಿ ಆಗಿದ್ರೆ ಆಗ ಅನುಮಾನ ಪಡಬೇಕು. ಅದು ತಿಳಿಯೋಕೆ ಲೆಕ್ಕ ಬೇಕು.

ರೇಷ್ಮೆ ಇಲಾಖೆಗೆ ನಾವು ಕೇಳಬೇಕಾದ್ದು ಇಷ್ಟೇ: ಪ್ರತಿ ಲಾಟಿನ ಚೀಟೀಲಿ ಎಷ್ಟು ಜನ ಬಿಡ್ ಹಾಕಿದ್ರು, ಎರಡನೇ ಬಿಡ್ ಎಷ್ಟಿತ್ತು, ಎರಡೂ ಅಚ್ಚಾಗಲಿ. ಯಾರ ಹೆಸರೂ ಬೇಡ. ಕಂಪ್ಯೂಟರಲ್ಲಿ ನಡೆಯೋ ಹರಾಜಿಗೆ ಇದೇನು ಕಷ್ಟದ ಕೆಲಸ ಅಲ್ಲ. ಚಿಂತಾಮಣಿ, ಗೌರಿಬಿದನೂರು, ಚಿಕ್ಕಬಳ್ಳಾಪುರದಿಂದ ಗೂಡು ತರೋ ಅಣ್ಣಂದಿರು, ಅಕ್ಕಂದಿರು ಒಪ್ಪಿದ್ರೆ ಅರ್ಜಿ ನಾನೇ ಬರೀತೀನಿ. ಅಲ್ಲಿವರೆಗೂ ಹಳೇ ಚೀಟಿಗಳನ್ನ ಬಿಸಾಕಬೇಡಿ.