ಗಾಬರಿಗೆ ತುಂಬಿದ ಚೀಲ

ಮಳೆಗಾಲ ಹತ್ರ ಬಂತು. ನಿನ್ನೆ ಈರುಳ್ಳಿ ಗೊಂಚಲು ಕಟ್ಟಿ ಅಡುಗೆಮನೆ ಜಂತಿಗೆ ನೇತು ಹಾಕ್ತಾ ಇದ್ದಾಗ 2020ರದ್ದು ನೆನಪಾಯ್ತು. ಇದರಲ್ಲಿ ನನ್ನ ತಪ್ಪೇ ಜಾಸ್ತಿ, ಹಾಗಾಗಿ ಯಾರೂ ಬೇಜಾರು ಮಾಡ್ಕೊಳ್ಬೇಡಿ.

ಮಾರ್ಚ್ 22ಕ್ಕೆ ಜನತಾ ಕರ್ಫ್ಯೂ, 25ರಿಂದ ಲಾಕ್‌ಡೌನ್. ಭಟ್ಕಳದಲ್ಲಿ ಆ ತಿಂಗಳ ಕೊನೆಗೇ ಕೇಸು ಬಂದು ಊರು ಬಂದ್ ಆಯ್ತು. ಹೊನ್ನಾವರ, ಕುಮಟಾದವರಿಗೂ ಗಾಬರಿ ಹಿಡೀತು. ನಾನೂ ಬೈಕ್ ಹತ್ತಿ ಪೇಟೆಗೆ ಓಡಿದೆ. ಮನೆಯಲ್ಲಿ ಐದು ಜನ. ತಂದಿದ್ದು 15 ಕೆಜಿ ಗೋಧಿ ಹಿಟ್ಟು, ಅರ್ಧ ಚೀಲ ಬಟಾಟೆ, ಒಂದು ಬಾಕ್ಸ್ ಬಿಸ್ಕಿಟು. ನಮ್ಮನೇಲಿ ಚಪಾತಿ ಮಾಡೋದು ವಾರಕ್ಕೆ ಒಂದೇ ದಿನ ಮಾರಾಯ್ರೆ! ಮೇ ತಿಂಗಳ ಸೆಕೆಗೆ ಹಿಟ್ಟಿಗೆ ಹುಳ ಬಿತ್ತು. ಬಟಾಟೆ ಮೊಳಕೆ ಬಂದು ಕೊಳೆತು ಗೊಬ್ಬರಗುಂಡಿಗೆ ಹೋಯ್ತು.

ಅದೇ ಹೊತ್ತಿಗೆ ಗದ್ದೆಯಲ್ಲಿ ಏನಾಗಿತ್ತು? ಅಳ್ವೇಕೋಡಿ, ಹಂದಿಗೋಣ ಕಡೆ ಈರುಳ್ಳಿ ಮಾರೋದು ಹೆದ್ದಾರಿ ಮೇಲೆ ಹೋಗೋ ಗಾಡಿ ನಂಬಿ. ಗಾಡಿಯೇ ಇಲ್ಲ. ಭಟ್ಕಳ ಮಲ್ಲಿಗೆಗೆ ಮದುವೆ ಇಲ್ಲ, ಬಸ್ಸಿಲ್ಲ. ನಮ್ಮ ಪಕ್ಕದ ಗದ್ದೆಯವರ ಕಲ್ಲಂಗಡಿ ಬಳ್ಳಿಯಲ್ಲೇ ಒಡೀತು, ಹರಿವೆ ಬಲಿತು ಹೋಯ್ತು. ನಾನು ಪೇಟೆಯಲ್ಲಿ ಸಾಲು ನಿಂತು ಘಟ್ಟದ ಮೇಲಿನ ಕ್ಯಾಬೇಜು ತಂದೆ. ಬದು ದಾಟಿ ಹೋಗಿ "ಒಂದು ಕಟ್ಟು ಹರಿವೆ ಕೊಡಿ" ಅಂತ ಕೇಳ್ಲಿಲ್ಲ. ಅವರೂ ರೈತರು, ನಾನೂ ರೈತ. ಅದು ಇವತ್ತಿಗೂ ಚುಚ್ಚುತ್ತೆ.

ಸಾಮಾನು ಕೂಡಿಡೋದೇ ತಪ್ಪು ಅಂತ ನಾನು ಹೇಳೋದಿಲ್ಲ. ನಮ್ಮ ಅಬ್ಬೆಯೂ ಕೂಡಿಡ್ತಿದ್ದಳು. ಉಪ್ಪು ನೀರಲ್ಲಿ ಹಲಸಿನ ಸೊಳೆ, ಭರಣಿಯಲ್ಲಿ ಮಾವಿನಮಿಡಿ, ಬಾಳೆ ನಾರಲ್ಲಿ ಕಟ್ಟಿ ತೂಗಿಸಿದ ಸೌತೆಕಾಯಿ, ಕೆಮ್ಮಣ್ಣು ಮೆತ್ತಿದ ಹಲಸಿನ ಬೇಳೆ. ಯಾವುದು ಎಷ್ಟು ದಿನ ಇರುತ್ತೆ, ಮನೇಲಿ ಎಷ್ಟು ಬಾಯಿ ಅಂತ ಅವಳಿಗೆ ಲೆಕ್ಕ ಇತ್ತು. ನಾವು ಆ ಲೆಕ್ಕ ಬಿಟ್ಟು, ಅಂಗಡಿಯಲ್ಲಿ ಮುಂದಿನವ ಎಷ್ಟು ತಗೊಂಡ ಅಂತ ನೋಡಿ ಅಷ್ಟೇ ತಗೊಂಡ್ವಿ.

"ಈಗೆಲ್ಲ ಪೇಟೆ ಹತ್ರ ಇದೆ, ಎಂತಕ್ಕೆ ಬೇಕು" ಅಂತ ಕೆಲವರು ಕೇಳ್ತಾರೆ. ರಸ್ತೆ ಬಂದ್ ಆಗೋಕೆ ರೋಗವೇ ಬರಬೇಕು ಅಂತ ಇಲ್ಲ. 2024ರ ಜುಲೈ 16ಕ್ಕೆ ಶಿರೂರಲ್ಲಿ ಗುಡ್ಡ ಕುಸಿದು ಜನ ಹೋದರು, ಹೆದ್ದಾರಿ 66 ಎಷ್ಟೋ ದಿನ ಬಂದ್ ಆಯ್ತು. ಕುಮಟಾದಿಂದ ಅದು ದೂರ ಏನಲ್ಲ.

ನಾನೀಗ ಮಾಡೋದು ಇಷ್ಟೇ. ಪೇಟೆಗೆ ಹೊರಡೋ ಮೊದಲು ಡಬ್ಬಿ ತೆಗೆದು ನೋಡಿ ಚೀಟಿ ಬರೀತೇನೆ. ಹಿಟ್ಟು ಎರಡು ಕೆಜಿಗಿಂತ ಹೆಚ್ಚು ತರೋದಿಲ್ಲ. ಕುಚಲಕ್ಕಿ, ಉಪ್ಪು, ಬೆಲ್ಲ, ಈರುಳ್ಳಿ ಮಳೆಗಾಲಕ್ಕೆ ಸಾಕಾಗುವಷ್ಟು ಇರುತ್ತೆ. ಸೊಪ್ಪು, ತರಕಾರಿ ಬೇಕಾದ್ರೆ ಮೊದಲು ಅಕ್ಕಪಕ್ಕದ ಗದ್ದೆಯವರಿಗೆ ಫೋನು. ದುಡ್ಡು ಕೊಟ್ಟೇ ತರ್ತೇನೆ, ಪುಕ್ಕಟೆ ಕೇಳೋದಿಲ್ಲ. ನಮ್ಮ ಬೆಳೆಗೆ ನಾವೇ ಗಿರಾಕಿ ಆಗದಿದ್ರೆ ಹೆದ್ದಾರಿ ಗಾಡಿಯವರನ್ನ ದೂರಿ ಏನು ಉಪಯೋಗ?

ನಿಮ್ಮನೇಲಿ ಮಳೆಗಾಲಕ್ಕೆ ಏನು ಇಟ್ಟಿದ್ದೀರಿ, ಯಾರ ಗದ್ದೆಯಲ್ಲಿ ಏನು ಉಳಿದಿದೆ, ಕೆಳಗೆ ಬರೀರಿ. ನಮ್ಮಲ್ಲಿ ಇನ್ನೂ ಹತ್ತು ಸೌತೆಕಾಯಿ ಇದೆ.