ಋಣಮೂಲವನ್ನು ಹೊಡೆದುಹಾಕುವ ಮೊದಲು



ಬಬಲೇಶ್ವರದಲ್ಲಿ ಮದುವೆಯೊಂದರ ಊಟದ ಪಂಕ್ತಿಯಲ್ಲಿ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಪಕ್ಕಕ್ಕೆ ಬಂದು ಕುಳಿತ. ಈಗ ತಿಕೋಟಾ ಭಾಗದಲ್ಲಿ ದ್ರಾಕ್ಷಿ ಬೆಳೆಯುವ ರೈತ. ಕುಶಲ ವಿಚಾರಿಸಿದ ಮೇಲೆ ನಗುತ್ತ, “ಸರ, ನಿಮ್ಮಿಂದ ನನಗ ಇನ್ನೂ ಎರಡು ಅಂಕ ಬರೂದೈತ್ರಿ” ಎಂದ. ಅವನು ನಕ್ಕ, ನನಗೆ ನಗು ಬರಲಿಲ್ಲ. ಏಕೆಂದರೆ ನನಗೂ ಅದು ನೆನಪಿತ್ತು.

ಕಿರುಪರೀಕ್ಷೆಯೊಂದರಲ್ಲಿ ನಾನು ಕೊಟ್ಟ ಪ್ರಶ್ನೆ ಇದು: ಒಂದು ಸಂಖ್ಯೆಯಿಂದ 3 ಕಳೆದು, ಉಳಿದುದನ್ನು ವರ್ಗ ಮಾಡಿದರೆ 49 ಬರುತ್ತದೆ; ಆ ಸಂಖ್ಯೆ ಯಾವುದು? ಆತ 10 ಮತ್ತು −4 ಎಂದು ಎರಡನ್ನೂ ಬರೆದಿದ್ದ. ನಾನು −4ನ್ನು ಕೆಂಪು ಶಾಯಿಯಲ್ಲಿ ಹೊಡೆದು ಎರಡು ಅಂಕ ಕಳೆದೆ. “ತಾಳೆ ನೋಡೇನ್ರಿ ಸರ, ಎರಡೂ ಕೂಡತಾವ್ರಿ” ಎಂದು ಎದ್ದು ನಿಂತವನನ್ನು ಗದರಿಸಿ ಕೂರಿಸಿದೆ. −4ರಿಂದ 3 ಕಳೆದರೆ −7. ಅದರ ವರ್ಗ 49. ಹುಡುಗ ಸರಿಯಾಗಿದ್ದ, ಗುರು ತಪ್ಪಿದ್ದ.

ಈ ತಪ್ಪು ನನ್ನೊಬ್ಬನದಾಗಿದ್ದರೆ ಇಲ್ಲಿ ಬರೆಯುತ್ತಿರಲಿಲ್ಲ. ವರ್ಗಮೂಲದ ವಿಷಯದಲ್ಲಿ ನಾವು ಶಿಕ್ಷಕರು ಒಂದಕ್ಕೊಂದು ವಿರುದ್ಧವಾದ ಎರಡು ತಪ್ಪುಗಳನ್ನು ಒಟ್ಟಿಗೇ ಕಲಿಸುತ್ತೇವೆ. ಒಂದು ದಿನ “√25 ಎಂದರೆ ±5” ಎಂದು ಹಲಗೆಯ ಮೇಲೆ ಬರೆಯುತ್ತೇವೆ. ಮರುದಿನ “ಋಣ ಉತ್ತರ ಬಂದರೆ ಬಿಟ್ಟುಬಿಡಿ” ಎನ್ನುತ್ತೇವೆ. ಮಕ್ಕಳು ಎರಡನ್ನೂ ಕಂಠಪಾಠ ಮಾಡುತ್ತಾರೆ, ಒಂದನ್ನೂ ಅರಿಯುವುದಿಲ್ಲ.

ಮೊದಲನೆಯದನ್ನು ನೋಡೋಣ. √9ಕ್ಕೆ 3, −3 ಎರಡೂ ಬೆಲೆ, √16ಕ್ಕೆ 4, −4 ಎರಡೂ ಬೆಲೆ ಎನ್ನುವುದಾದರೆ √9 + √16 ಎಷ್ಟು? 7, 1, −1, −7 ಎಂದು ನಾಲ್ಕು ಉತ್ತರಗಳಾದವು. ಒಂದೇ ಕೂಡುವ ಲೆಕ್ಕಕ್ಕೆ ನಾಲ್ಕು ಮೊತ್ತ ಹೇಳುವ ಅಂಗಡಿಯಲ್ಲಿ ನಾವು ಅರ್ಧ ಕಿಲೋ ಬೆಲ್ಲವನ್ನಾದರೂ ಕೊಳ್ಳುತ್ತೇವೆಯೇ? ಈ ಗೊಂದಲ ಬೇಡವೆಂದೇ √ ಚಿಹ್ನೆಗೆ ಒಂದೇ ಅರ್ಥವನ್ನು ನಿಗದಿ ಮಾಡಿದ್ದಾರೆ: ಋಣವಲ್ಲದ ವರ್ಗಮೂಲ. √25 ಎಂದರೆ 5, ಅಷ್ಟೇ. ಆದರೆ “ಯಾವ ಸಂಖ್ಯೆಯ ವರ್ಗ 25?” ಎಂಬುದು ಬೇರೆಯೇ ಪ್ರಶ್ನೆ. ಅದಕ್ಕೆ 5 ಮತ್ತು −5 ಎರಡೂ ಉತ್ತರಗಳು. ಅಲ್ಲಿ ± ಎಂಬುದನ್ನು ನಾವು ಬರೆಯಬೇಕು. ಅದು √ ಚಿಹ್ನೆಯೊಳಗೆ ಅಡಗಿ ಕುಳಿತಿಲ್ಲ.

ಇನ್ನು ಎರಡನೆಯ ತಪ್ಪು. ಗೋಳಗುಮ್ಮಟದ ಒಳಗಿನ ಚೌಕದ ಬಾಹು ಸುಮಾರು 41 ಮೀಟರ್. ಕ್ಷೇತ್ರಫಲ ಕೊಟ್ಟು ಬಾಹುವನ್ನು ಕೇಳಿದರೆ −41ನ್ನು ಬಿಡಲೇಬೇಕು, ಉದ್ದ ಋಣವಾಗಲಾರದು. ಬಿಡುವುದಕ್ಕೆ ಕಾರಣ ಆ ಪ್ರಶ್ನೆಯಲ್ಲಿದೆ, ಋಣ ಚಿಹ್ನೆಯಲ್ಲಿ ಅಲ್ಲ. ನಾನು ಕೇಳಿದ್ದು ಬರಿಯ ಸಂಖ್ಯೆಯನ್ನು. −4 ಏನು ಅಪರಾಧ ಮಾಡಿತ್ತು?

ಭಾಸ್ಕರಾಚಾರ್ಯರನ್ನು ನಮ್ಮ ವಿಜಯಪುರದವರೆಂದು ನಾವು ಅಭಿಮಾನದಿಂದ ಹೇಳಿಕೊಳ್ಳುತ್ತೇವೆ. ಅವರು ಹೆಸರಿಸಿದ ವಿಜ್ಜಡವಿಡವು ಮಹಾರಾಷ್ಟ್ರದ ಚಾಳೀಸಗಾವ್ ಸಮೀಪದ್ದೆಂಬ ವಾದವೂ ಬಲವಾಗಿದೆ. ಊರಿನ ಜಗಳ ಹಾಗಿರಲಿ. 1114ರಲ್ಲಿ ಜನಿಸಿದ ಆ ಮಹನೀಯರು ತಮ್ಮ ‘ಬೀಜಗಣಿತ’ದಲ್ಲಿ ಹೇಳಿದ್ದನ್ನಾದರೂ ಕೇಳಿದ್ದೇವೆಯೇ? ಧನಸಂಖ್ಯೆಗೆ ಧನ, ಋಣ ಎಂಬ ಎರಡು ಮೂಲಗಳಿವೆ. ಋಣಸಂಖ್ಯೆ ಯಾವುದರ ವರ್ಗವೂ ಅಲ್ಲವಾದ್ದರಿಂದ ಅದಕ್ಕೆ ಮೂಲವಿಲ್ಲ ಎಂದರು. ವಾಸ್ತವ ಸಂಖ್ಯೆಗಳಿಗೆ ಈ ಮಾತು ಇಂದಿಗೂ ಸತ್ಯ.

ಅವರು ಕೊಟ್ಟ ಕಪಿಗಳ ಲೆಕ್ಕಗಳು ಎರಡು. ಒಂದು ಹಿಂಡಿನ ಎಂಟನೆಯ ಒಂದು ಭಾಗದ ವರ್ಗದಷ್ಟು ಕಪಿಗಳು ವನದಲ್ಲಿ, ಉಳಿದ 12 ಬೆಟ್ಟದಲ್ಲಿ, ಒಟ್ಟು ಎಷ್ಟು? 48 ಮತ್ತು 16, ಎರಡೂ ಸರಿ. ಋಣಮೂಲವನ್ನು ಮೊದಲೇ ಹೊಡೆದವನಿಗೆ 16 ಸಿಗುವುದೇ ಇಲ್ಲ. ಇನ್ನೊಂದು: ಹಿಂಡಿನ ಐದನೆಯ ಒಂದು ಭಾಗದಲ್ಲಿ 3 ಕಳೆದು, ಅದರ ವರ್ಗದಷ್ಟು ಗುಹೆಗೆ ಹೋದವು, ಒಂದು ಮಾತ್ರ ಕೊಂಬೆಯ ಮೇಲೆ ಕಾಣುತ್ತಿದೆ. ಉತ್ತರ 50 ಅಥವಾ 5. ಆಚಾರ್ಯರು 5ನ್ನು ಒಪ್ಪಲಿಲ್ಲ. ಐದರ ಐದನೆಯ ಭಾಗ 1; ಅದರಲ್ಲಿ 3 ಕಳೆದರೆ −2; ಋಣ ಎರಡು ಕಪಿಗಳನ್ನು ಲೋಕ ಒಪ್ಪದು. ಗಮನಿಸಿ, ಅವರು ಬಿಟ್ಟ 5 ಧನಸಂಖ್ಯೆಯೇ! “ಋಣ ಬಂದರೆ ಹೊಡೆ” ಎಂದು ಕಲಿತವನು ಅದನ್ನು ಕಣ್ಣುಮುಚ್ಚಿ ಒಪ್ಪಿಬಿಡುತ್ತಾನೆ. ಎರಡನ್ನೂ ಕಂಡುಹಿಡಿ, ಎರಡನ್ನೂ ಪ್ರಶ್ನೆಗೆ ತಾಳೆ ನೋಡು, ಬಿಡುವುದಾದರೆ ಕಾರಣ ಹೇಳಿ ಬಿಡು. ಆಚಾರ್ಯರ ದಾರಿ ಇದು. ಆ ಹುಡುಗ ನಡೆದದ್ದೂ ಇದೇ ದಾರಿಯಲ್ಲಿ.

ನಿಮ್ಮಲ್ಲಿ ಹಲವರು ಇಂದು ಶಿಕ್ಷಕರಾಗಿದ್ದೀರಿ. ಸಿಲಬಸ್ ಮುಗಿಸುವ ಅವಸರ ನನಗೆ ಗೊತ್ತಿಲ್ಲದ್ದಲ್ಲ. ಆದರೂ ತಾಳೆ ನೋಡಿ ಎದ್ದು ನಿಂತ ಮಗುವನ್ನು ಕೂರಿಸಬೇಡಿ. ಅಂದು ನಾನು ಕಸಿದದ್ದು ಅಂಕಗಳನ್ನಷ್ಟೇ ಅಲ್ಲ. ಆ ವರ್ಷವಿಡೀ ಅವನು ಮತ್ತೆ ಎದ್ದು ನಿಲ್ಲಲಿಲ್ಲ.

ತಮ್ಮಾ, ಆ ಎರಡು ಅಂಕಗಳನ್ನು ಇಂದು ಎಲ್ಲರೆದುರು ನಿನಗೆ ಕೊಟ್ಟಿದ್ದೇನೆ. ತಡವಾಯಿತು, ಕ್ಷಮಿಸು.