ಸಗಣಿಹುಳುವಿನ ಬೆಲೆ

ಹರವೆಯ ಬಯಲಿನಲ್ಲಿ ದನ ಹಾಕಿದ ಸಗಣಿಯನ್ನು ಕಡ್ಡಿಯಿಂದ ಕೆದಕಿ ನೋಡಿ. ಸಗಣಿಹುಳುಗಳಲ್ಲಿ ಕೆಲವು ಸಗಣಿಯನ್ನು ಉಂಡೆ ಕಟ್ಟಿ ಉರುಳಿಸುತ್ತವೆ, ಕೆಲವು ಅಲ್ಲೇ ನೆಲ ಕೊರೆದು ಹೂಳುತ್ತವೆ. ಮರಿಗಳಿಗೆ ಆಹಾರ, ಮಣ್ಣಿಗೆ ಗೊಬ್ಬರ.

1788ರಲ್ಲಿ ಬ್ರಿಟಿಷರು ಆಸ್ಟ್ರೇಲಿಯಕ್ಕೆ ದನ ಒಯ್ದರು. ಕಾಂಗರೂ ಹಿಕ್ಕೆಗೆ ಒಗ್ಗಿದ್ದ ಅಲ್ಲಿನ ಹೆಚ್ಚಿನ ಹುಳುಗಳಿಗೆ ಸಗಣಿ ಹಿಡಿಸಲಿಲ್ಲ. ಸಗಣಿ ಒಣಗಿ ಹುಲ್ಲುಗಾವಲು ಮುಚ್ಚಿತು, ನೊಣ ಹೆಚ್ಚಿತು. ಕೊನೆಗೆ ವಿಜ್ಞಾನಿ ಜಾರ್ಜ್ ಬೋರ್ನೆಮಿಸ್ಸ ಅವರ ಸಲಹೆಯಂತೆ ಸರ್ಕಾರಿ ಸಂಶೋಧನಾ ಸಂಸ್ಥೆಯೇ 1965ರಿಂದ 20 ವರ್ಷ ದುಡಿದು, ಆಫ್ರಿಕ ಮುಂತಾದೆಡೆಯಿಂದ ಸಗಣಿಹುಳು ತರಿಸಬೇಕಾಯಿತು!

ಹರವೆಯ ರೈತರಿಗೆ ಅದು ಬಿಟ್ಟಿಯಾಗಿ ದೊರೆತಿದೆ. ಆದರೆ ದನಕ್ಕೆ ಕೊಡುವ ಐವರ್‌ಮೆಕ್ಟಿನ್ ಎಂಬ ಜಂತುನಾಶಕ ಸಗಣಿಯಲ್ಲಿ ಉಳಿದು ಈ ಹುಳುವಿನ ಮರಿಗಳನ್ನು ಕೊಲ್ಲಬಲ್ಲದು. ಪಶುವೈದ್ಯರನ್ನು ಕೇಳದೆ ಔಷಧ ಹಾಕಬೇಡಿ. ಮಕ್ಕಳೇ, ಹುಳುವನ್ನು ತುಳಿಯಬೇಡಿ.